ಮೀಸಲಿಲ್ಲದ ಸೀತನಿ

ಸಗಣಿ ಕುಳ್ಳಿನ ಕೆಂಡದಲ್ಲಿ ಹಸಿ ಜೋಳದ ತೆನೆ ಸುಡುವಾಗ ಏಳುವ ವಾಸನೆಯಲ್ಲಿ ಕಾಯಿಸಿದ ಹಾಲಿನ ಸಿಹಿಯೂ ಇರುತ್ತದೆ, ಮೂಗಿಗೆ ಹತ್ತುವ ಘಾಟೂ ಇರುತ್ತದೆ. ಕಳೆದ ಚಳಿಗಾಲ, ಬಾಗಲಕೋಟೆಯ ವಿದ್ಯಾಗಿರಿಯ ಹೊಸ ಹೋಟೆಲೊಂದರ ಬಾಗಿಲಲ್ಲಿ ಆ ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ಇಲಕಲ್ಲಿನ ಹುಡುಗಿಯೊಬ್ಬಳು ದೊಡ್ಡ ಊರುಗಳಲ್ಲಿ ಅಡುಗೆ ಕಲಿತು ಬಂದು ತೆರೆದ ಹೋಟೆಲು ಅದು. ಸುತ್ತಲಿನ ಹೊಲಗಳಲ್ಲಿ ಆ ವಾರ ಏನು ಬರುತ್ತದೋ ಅದೇ ಅಲ್ಲಿನ ಊಟ. ‘ಬೇವೂರಿಂದ ಮುಂಜಾನೆನ ತೆನಿ ತರಿಸೇನ್ರಿ ಅಕ್ಕಾರ. ಬಿಸಿ ಇದ್ದಾಗನ ತಿನ್ರಿ,’ ಎಂದು ಅವಳೇ ತಂದಿಟ್ಟಳು. ಕರೀ ಮಣ್ಣಿನ ತಟ್ಟೆ, ನಡುವೆ ತೆನೆಯಿಂದ ಬಿಡಿಸಿದ ಹಸಿರು ಕಾಳು, ನಮ್ಮ ಕಡೆಯ ಸೀತನಿ. ಪಕ್ಕಕ್ಕೆ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಕೆನೆಮೊಸರು. ಹಸಿದ ಎಮ್ಮೆಯ ಹಾಗೆ ತಿಂದೆ. ದೊಡ್ಡವ್ವ ನೆನಪಾದದ್ದು ತಟ್ಟೆ ಖಾಲಿಯಾದ ಮೇಲೆ. ಮೊದಲ ತುತ್ತಿಗೇ ನೆನಪಾಗಬೇಕಿತ್ತು.

ದೊಡ್ಡವ್ವ ನನ್ನ ಅಪ್ಪನ ಅಣ್ಣನ ಹೆಂಡತಿ. ಘಟಪ್ರಭೆಯ ದಂಡೆಯಲ್ಲಿದ್ದ ನಮ್ಮ ತುಂಬಿದ ಮನೆಗೆ ಅವಳೇ ಹಿರಿಯಳು. ಹೊಲದ ಬದುವಿನಲ್ಲಿ ಒಂದು ಬೇವಿನ ಗಿಡ, ಅದರ ಬುಡದಲ್ಲಿ ಭಂಡಾರ ಮೆತ್ತಿಕೊಂಡು ಹಳದಿಯಾದ ಒಂದು ಕಲ್ಲು. ಅವನೇ ನಮ್ಮ ಮನೆದೇವರು ಬೀರಪ್ಪ. ಹೊಸ ತೆನೆಯ ಮೊದಲ ಹಿಡಿ ಅವನಿಗೆ ಮೀಸಲು. ಅದು ಸಲ್ಲುವ ತನಕ ಮನೆಯಲ್ಲಿ ಒಬ್ಬರೂ ಕಾಳು ಬಾಯಿಗೆ ಹಾಕುವಂತಿರಲಿಲ್ಲ. ಗಂಡಸರು ಸುಟ್ಟ ತೆನೆಯನ್ನು ಗೋಣಿತಟ್ಟಿನ ಮೇಲೆ ತಿಕ್ಕಿ ಕಾಳು ಬಿಡಿಸುತ್ತಿದ್ದರು. ದೊಡ್ಡವ್ವ ಒಂದು ಹಿಡಿ ಸೆರಗಿಗೆ ಹಾಕಿಕೊಂಡು ಬೇವಿನ ಕಡೆ ನಡೆಯುತ್ತಿದ್ದಳು, ಅದೂ ಏನು ನಿಧಾನ! ನಾವು ಮಕ್ಕಳು ಜೊಲ್ಲು ನುಂಗುತ್ತ ಅವಳ ಬೆನ್ನನ್ನೇ ಬೈಯುತ್ತಿದ್ದೆವು. ಅವಳು ತಿರುಗಿ, ‘ದೇವ್ರು ಉಂಡ, ಇನ್ನ ನೀವ್ ಉಣ್ರೆಪಾ,’ ಎಂದದ್ದೇ ತಡ, ಮುಗಿಬೀಳುತ್ತಿದ್ದೆವು. ನಿಮ್ಮ ಮನೆಯಲ್ಲೂ ಹೀಗೆ ಹಸಿವನ್ನು ಕಾಯಿಸಿ ರುಚಿ ಮಾಡುವ ಒಬ್ಬಳು ಇದ್ದಿರಬೇಕು.

ಆಮೇಲೆ ಅಣೆಕಟ್ಟಿನ ಹಿನ್ನೀರು ಬಂತು. ಮನೆ ಹೋಯಿತು, ಹೊಲ ಹೋಯಿತು, ಬೇವಿನ ಬುಡದ ಕಲ್ಲೂ ನೀರಿನೊಳಗೇ ಉಳಿಯಿತು. ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಕಡೆಯಾದರು. ಅಂದಿನಿಂದ ದೊಡ್ಡವ್ವ ಸೀತನಿ ಮುಟ್ಟಲಿಲ್ಲ. ಯಾರಾದರೂ ತಂದುಕೊಟ್ಟರೆ, ‘ಬೀರಪ್ಪ ನೀರಾಗ ಉಪಾಸ ಕುಂತಾನ, ನಾ ಹೆಂಗ ತಿನ್ಲಿ?’ ಎಂದು ಕೈ ಮುಗಿದು ಸರಿಸುತ್ತಿದ್ದಳು.

ಆ ದಿನ ಹೋಟೆಲಿನಿಂದ ಒಂದು ಪೊಟ್ಟಣ ಕಟ್ಟಿಸಿಕೊಂಡು ನೇರ ದೊಡ್ಡವ್ವನ ಮಗನ ಮನೆಗೆ ಹೋದೆ. ಆ ಹೊತ್ತಿಗೆ ಅವಳು ಊಟವನ್ನೇ ಬಿಟ್ಟ ಹಾಗಾಗಿದ್ದಳು. ಸೊಸೆ ಗಂಜಿ ಹಿಡಿದು ದಿನವೂ ಗೋಗರೆಯುತ್ತಿದ್ದಳು. ಪೊಟ್ಟಣ ಬಿಚ್ಚುವ ಮೊದಲೇ ಮುದುಕಿ ಮೂಗರಳಿಸಿ ಎದ್ದು ಕೂತಳು.

‘ಮೀಸಲ ಆಗೇತೇನ ತಂಗಿ?’

ಇಲ್ಲ ಎಂದಿದ್ದರೆ ಸರಿಸಿಬಿಡುತ್ತಿದ್ದಳು. ‘ಆಗೇತಿ ದೊಡ್ಡವ್ವ. ಹೋಟೆಲ ಹುಡಿಗಿ ಬೀರಪ್ಪನ ಒಕ್ಕಲದಾಕಿ. ದೇವ್ರ ಮುಂದ ಇಟ್ಟ ಮ್ಯಾಲೇ ಮಂದಿಗೆ ಕೊಡ್ತಾಳ,’ ಎಂದೆ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ಒಂದೊಂದೇ ಕಾಳನ್ನು ನಾಲಗೆಯಿಂದ ಒತ್ತಿ, ಹಾಲು ಹೀರಿ, ಪೊಟ್ಟಣ ಪೂರ್ತಿ ತಿಂದಳು. ಸೊಸೆ ಸಂತೋಷಕ್ಕೆ ಅತ್ತೇಬಿಟ್ಟಳು. ನಾನು ಅವರಿಬ್ಬರ ಮುಖ ನೋಡಲಾರದೆ ಕಿಟಕಿಯ ಹೊರಗೆ ನೋಡಿದೆ. ಹೊರಟು ನಿಂತಾಗ ದೊಡ್ಡವ್ವ ತೆಂಗಿನಕಾಯಿಗೆ ಭಂಡಾರ ಹಚ್ಚಿ ನನ್ನ ಕೈಗಿಟ್ಟಳು. ‘ಆ ಹುಡಿಗಿ ಮನಿ ಬೀರಪ್ಪಗ ಒಡಿಸಿ ಪ್ರಸಾದ ತಾರವ್ವ.’

ಆ ಹುಡುಗಿಯ ಹೋಟೆಲಿನಲ್ಲಿ ಬೀರಪ್ಪನೂ ಇರಲಿಲ್ಲ, ದೇವರ ಜಗಲಿಯೂ ಇರಲಿಲ್ಲ. ಕಾಯಿ ಒಂದು ವಾರ ನನ್ನ ಅಡುಗೆಮನೆಯಲ್ಲೇ ಉಳಿಯಿತು. ಕೊನೆಗೆ ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಒಡೆದು, ಒಂದು ಹೋಳು ಒಯ್ದುಕೊಟ್ಟೆ. ದೊಡ್ಡವ್ವ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.

‘ಇಷ್ಟ್ ವರ್ಸ ನಾ ಸುಳ್ಳ ಮರಗಿದೆ ನೋಡ,’ ಎಂದಳು. ‘ಆಂವ ನೀರಾಗ ಇಲ್ಲ. ಎದ್ದ ಹೋಗಿ ಆ ಹುಡಿಗಿ ಮನ್ಯಾಗ ಉಂಡಕೋಂತ ಅದಾನ.’

ಆ ಬೇಸಿಗೆಯಲ್ಲಿ, ಹಾಗೆಯೇ ನಂಬಿಕೊಂಡು, ದೊಡ್ಡವ್ವ ತೀರಿಹೋದಳು.