ಕೆತ್ತಿ ನೋಡದ ಬೊಡ್ಡೆ

ಮಷಿನಿನ ಹಗ್ಗ ಎರಡು ಸಲ ಎಳೆದಿದ್ದೆ. ಮೂರನೆಯ ಸಲ ಎಳೆಯುವಾಗ ಭಾವ ನನ್ನ ಕೈ ಹಿಡಿದ.

“ತಡಿಯಾ ತಮಾ. ಬೊಡ್ಡೆ ಕಪ್ಪಾಗ್ಯದೆ. ಒಂಚೂರು ಕೆತ್ತಿ ನೋಡ್ವಾ.”

“ಸುಟ್ಟ ಆಯಿಲ್ ಅದು. ಚಿಗುರಬಾರ್ದು ಹೇಳಿ ಯಾರೋ ಹೊಯ್ದಿದ್ರು.”

“ಯಾರು ಹೇಳಿದ್ರು ನಿಂಗೆ?”

“ಹೇಳುದೆಂತಕೆ? ಕಣ್ಣಿಗೆ ಕಾಣುದಿಲ್ವಾ?”

ಭಾವ ಅಂದರೆ ನನ್ನ ಅಕ್ಕನ ಗಂಡ. ನಾವಿಬ್ಬರೂ ಮನೆ ಅಂಗಳದ ಬೊಡ್ಡೆ ತೆಗೆಯುವವರು. ಇಬ್ಬರೂ ಇರುವುದು ಹೆಬಳೆಯ ಒಂದೇ ಮನೆಯಲ್ಲಿ, ಕೆಲಸ ಭಟ್ಕಳದಿಂದ ಕುಮಟಾದವರೆಗೆ. ಮರ ಕಡಿಸುವುದು ಸುಲಭ. ಬೊಡ್ಡೆ ಅಲ್ಲೇ ಉಳಿಯುತ್ತದೆ. ಕಂಪೌಂಡು ಕಟ್ಟಿಸಿದ ಮೇಲೆ ಜೆಸಿಬಿ ಒಳಗೆ ಬರುವುದಿಲ್ಲ. ಆಗ ನಮಗೆ ಫೋನ್ ಮಾಡುತ್ತಾರೆ. ನಮ್ಮ ಮಷಿನ್ ಚಿಕ್ಕ ಗೇಟಿನಲ್ಲೂ ಹೋಗುತ್ತದೆ. ಅದಕ್ಕೆ ಒಂದು ಹಲ್ಲಿನ ಚಕ್ರ. ಬೊಡ್ಡೆಯನ್ನು ಮಣ್ಣಿನ ಕೆಳಗಿನವರೆಗೂ ಅರೆದು ಪುಡಿ ಮಾಡುತ್ತದೆ. ಮಷಿನ್ ಹಿಡಿಯುವುದು ನಾನು. ಪುಡಿ ಎಳೆದು ಹಾಕುವುದು, ಬೇರು ಕಡಿಯುವುದು, ಮಷಿನ್ ತರುವ ಗೂಡ್ಸ್ ರಿಕ್ಷಾ ಓಡಿಸುವುದು ಭಾವ.

ಕಾಡಿನ ಕಡೆಯ ಬೊಡ್ಡೆ ಆದರೆ ಭಾವ ಕತ್ತಿಯಿಂದ ಬೇರಿಗೆ ಒಂದು ಗಾಯ ಮಾಡುತ್ತಿದ್ದ. ಆಮೇಲೆ ಕೂತು ಒಂದು ಕವಳ ಹಾಕುತ್ತಿದ್ದ. ಎಲೆ ಅಡಿಕೆ ಜಗಿದು ಉಗಿಯುವಷ್ಟರಲ್ಲಿ ಗಾಯದ ಸೊನೆ ಕಪ್ಪಾದರೆ ಅದು ಹೊಳಗೇರು. ಮಾವಿನ ಜಾತಿಯಂತೇ ಕಾಣುತ್ತದೆ, ಆದರೆ ಸೊನೆ ಮೈಗೆ ತಾಗಿದರೆ ಬಾತು ಬೊಬ್ಬೆ ಬರುತ್ತದೆ. ಹೊಳಗೇರು ಆದರೆ ಮಷಿನ್ ಇಳಿಸುವುದಿಲ್ಲ, ವಾಪಸು ಬರುತ್ತೇವೆ. ಗೇರುಸೊಪ್ಪ ಕಡೆ ಕಟ್ಟಿಗೆ ಕಡಿಯುತ್ತಿದ್ದ ಅವನ ಅಪ್ಪ ಕಲಿಸಿದ್ದು ಇದು. ನನಗೆ ಇದು ಹೊತ್ತು ಕಳೆಯುವ ಕೆಲಸ ಅನಿಸುತ್ತಿತ್ತು.

ಆ ದಿನ ಇದ್ದದ್ದು ಹೊನ್ನಾವರದಲ್ಲಿ, ಗೇರುಸೊಪ್ಪ ರಸ್ತೆಯ ಒಂದು ಹೊಸ ಮನೆಯಲ್ಲಿ. ಮನೆಯವರು ರಿಟೈರ್ ಆದ ಬಸ್ ಕಂಡಕ್ಟರು. ಮಧ್ಯಾಹ್ನದ ಮೇಲೆ ಕುಮಟಾದಲ್ಲಿ ಮೂರು ತೆಂಗಿನ ಬೊಡ್ಡೆ ತೆಗೆಯುವುದಿತ್ತು.

“ಇದು ಎಂತ ಮರ ಆಗಿತ್ತು?” ಭಾವ ಅವರನ್ನು ಕೇಳಿದ.

“ಮಾವು ಹೇಳಿ ಜಾಗ ಕೊಟ್ಟವ ಹೇಳಿದ್ದ. ಹಣ್ಣು ತಿಂದವ ನಾನಲ್ಲ ಮಾರಾಯಾ.”

“ಕೇಳ್ತಾ? ಮಾವು. ಭಾವಂಗೆ ಕವಳಕ್ಕೆ ಒಂದು ನೆಪ ಬೇಕು, ಅಷ್ಟೇ” ಎಂದೆ.

ಕಂಡಕ್ಟರು ನಕ್ಕರು. “ಹಂಗಾರೆ ರೈಟ್ ಹೇಳ್ಲಾ?”

ಭಾವನೂ ನಕ್ಕ. ಕತ್ತಿ ಕೆಳಗಿಟ್ಟು ಸಲಿಕೆ ತೆಗೆದುಕೊಂಡ. ನಾನು ಹಗ್ಗ ಎಳೆದೆ.

ಮೇಲಿನದು ಒಣಗಿತ್ತು, ಪುಡಿ ಹಾರಿತು. ಆಮೇಲೆ ಹಸಿ ಬಂತು. ಒದ್ದೆ ಚಕ್ಕೆ ಎಲ್ಲಾ ಕಡೆ ಸಿಡಿಯತೊಡಗಿತು. ಮುಖಕ್ಕೆ ಹಾಕುವ ಗ್ಲಾಸು ನಮ್ಮಲ್ಲಿ ಇದ್ದದ್ದು ಒಂದೇ. ಅದು ನನ್ನ ಮುಖದ ಮೇಲಿತ್ತು. ಗ್ಲಾಸಿನ ಮೇಲೆ ಬಿಳಿ ಹನಿ ಬಿದ್ದವು. ಸ್ವಲ್ಪ ಹೊತ್ತಿಗೆ ಅವೇ ಹನಿ ಕಪ್ಪಾದವು. ಸುಟ್ಟ ಆಯಿಲ್ ಮರದ ಅಷ್ಟು ಒಳಗೆ ಇಳಿಯುವುದಿಲ್ಲ. ಅದು ನನಗೆ ಗೊತ್ತು. ಆಗಲೂ ಗೊತ್ತಿತ್ತು. ಇನ್ನು ನಾಲ್ಕು ಬೆರಳು ಇದೆ, ಮುಗಿಸಿಬಿಡುವಾ ಎಂದುಕೊಂಡೆ. ಮಷಿನ್ ನಿಲ್ಲಿಸಲಿಲ್ಲ.

ನಾಲ್ಕು ಬೆರಳು ಮುಗಿಯುವ ಮೊದಲೇ ಭಾವನ ಸಲಿಕೆ ಬಿತ್ತು. ಅವನು ಹೆಗಲ ಮೇಲಿನ ಪಂಜಿ ಬಟ್ಟೆಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಆ ಪಂಜಿಯ ತುಂಬ ಸೊನೆ ಇತ್ತು. ಒರೆಸಿದಷ್ಟೂ ಅದನ್ನೇ ಕಣ್ಣಿಗೆ ತಿಕ್ಕಿಕೊಂಡ ಹಾಗಾಯಿತು.

ಕಂಡಕ್ಟರು ಕೊಡಪಾನದಲ್ಲಿ ನೀರು ತಂದು ಹೊಯ್ದರು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಭಾವ ಕಣ್ಣು ಮುಚ್ಚಿಕೊಂಡೇ ಕೇಳಿದ.

“ಹೊಳಗೇರು ಅಲ್ದಾ?”

“ಗೊತ್ತಿಲ್ಲ” ಎಂದೆ.

ಸಂಜೆಗೆ ಅವನ ಮುಖ ಗುರುತು ಸಿಗುತ್ತಿರಲಿಲ್ಲ. ತುಟಿ, ಕಿವಿ ಎಲ್ಲ ಬಾತಿತ್ತು. ಕಣ್ಣು ಇದ್ದ ಕಡೆ ಎರಡು ಗೆರೆ ಮಾತ್ರ. ಮರುದಿನ ಉಡುಪಿ ಕಡೆಯ ದೊಡ್ಡಾಸ್ಪತ್ರೆಗೆ ಒಯ್ದೆವು. ಅಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ಅಕ್ಕ ಹಾಸಿಗೆಯ ಪಕ್ಕ ಕೂತಿದ್ದಳು. ನಾನು ಕಾಲ ಹತ್ತಿರ ನಿಂತಿದ್ದೆ.

“ಎಲ್ಲಾ ಕಡೆ ಕೆತ್ತಿ ನೋಡವ್ರು ನೀವು. ಅಲ್ಲಿ ಎಂತಕೆ ನೋಡ್ಲಿಲ್ಲ?” ಅಕ್ಕ ಕೇಳಿದಳು.

ನಾನು ಅಲ್ಲೇ ಇದ್ದೇನೆ ಎಂದು ಭಾವನಿಗೆ ಗೊತ್ತಿತ್ತು.

“ನೋಡಿದ್ದೆ. ಸರಿ ಗೊತ್ತಾಗ್ಲಿಲ್ಲ. ನಂದೇ ತಪ್ಪು.”

“ಇಷ್ಟು ವರ್ಷ ನೋಡಿ ಎಂತ ಕಲ್ತ್ರಿ ಹಂಗಾರೆ? ಮನೇಲಿ ಮಕ್ಕಳು ಅವೆ ಹೇಳಿ ನೆನಪಿತ್ತಾ?”

“ಆತು, ಬಿಡೆ.”

ಅಕ್ಕ ಬಿಡಲಿಲ್ಲ. ಅಳುತ್ತ ಬೈದಳು. ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಚಾ ತರುತ್ತೇನೆ ಎಂದು ಹೊರಗೆ ಹೋದೆ.

ಚರ್ಮ ಸುಲಿದು ಹೊಸದು ಬಂತು. ಭಾವನ ಅಮ್ಮ ಹೊಳಗೇರಿಗೆ ಮದ್ದೆಂದು ತಾರೆಮರದ ತೊಗಟೆ ಬೇಯಿಸಿ ಅದರ ನೀರಿನಲ್ಲಿ ದಿನಾ ಮೈ ತೊಳೆಸಿದರು. ಬಲಗಣ್ಣು ಸರಿಯಾಯಿತು. ಎಡಗಣ್ಣು ಬರಲಿಲ್ಲ. ಸಾರಿನಲ್ಲಿ ಬೆಂದ ಮೀನಿನ ಕಣ್ಣಿನ ಹಾಗೆ ಬೆಳ್ಳಗೆ ಉಳಿಯಿತು. ಗೂಡ್ಸ್ ರಿಕ್ಷಾ ಓಡಿಸಬೇಡಿ ಎಂದರು ಡಾಕ್ಟರು. ಆದರೂ ಒಂದು ದಿನ ಓಡಿಸಿ ನೋಡಿದ. ಮನೆಯೆದುರಿನ ತಿರುವಿನಲ್ಲೇ ಎಡಗಡೆ ಗಟಾರಕ್ಕೆ ಇಳಿಸಿದ. ಆಮೇಲೆ ಕೀಲಿ ನನ್ನ ಕೈಗೆ ಕೊಟ್ಟ.

ಈಗ ರಿಕ್ಷಾ ಓಡಿಸುವುದು ನಾನು. ಕೆಲಸಕ್ಕೆ ಬೇರೆ ಒಬ್ಬ ಬರುತ್ತಾನೆ. ಭಾವ ಮನೆಯಲ್ಲೇ ಇರುತ್ತಾನೆ. ಎಡಗಡೆ ಇಟ್ಟ ಲೋಟ ಕಾಣದೆ ಕೈ ತಾಗಿ ಬೀಳಿಸುತ್ತಾನೆ. ಆಗೆಲ್ಲ ಅಕ್ಕ, “ಅಂದು ಸರಿ ನೋಡಿದ್ರೆ ಇಂದು ಹಿಂಗಾಗ್ತಿತ್ತಾ?” ಎನ್ನುತ್ತಾಳೆ. ಅವನು ತಲೆ ಬಗ್ಗಿಸಿ ಉಣ್ಣುತ್ತಾನೆ. ನಾನೂ ಅದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತೇನೆ. ಅವಳೇ ಬಡಿಸುತ್ತಾಳೆ.

ಭಾವ ಕೆತ್ತಿ ನೋಡುವಾ ಎಂದಿದ್ದ. ಬೇಡ ಎಂದವನು ನಾನು. ಅಕ್ಕನಿಗೆ ಇದನ್ನು ಓದಿ ಗೊತ್ತಾದರೆ ಗೊತ್ತಾಗಲಿ. ನನಗೆ ಇನ್ನು ಹೇಳಲಿಕ್ಕೆ ಏನೂ ಇಲ್ಲ.