ಗುಳಿಗೆ ಡಬ್ಬಿಯ ಮೇಲಿನ ರೊಟ್ಟಿ

ಕಳೆದ ತಿಂಗಳು ರಾಯಚೂರಿನ ಬಸ್ ನಿಲ್ದಾಣದ ಸಮೀಪದ ಅಂಗಡಿಯಿಂದ ತಂದ ಗುಳಿಗೆಯ ಪಟ್ಟಿಯನ್ನು ಮನೆಯಲ್ಲಿ ಮೊದಲ ಬಾರಿಗೆ ಒಡೆದಾಗ ಒಂದು ವಾಸನೆ ಮೂಗಿಗೆ ತಾಗಿತು. ಒಣಮೀನಿನದೋ, ಬಹಳ ದಿನ ಮುಚ್ಚಿಟ್ಟ ತಗಡಿನ ಪೆಟ್ಟಿಗೆಯದೋ ಎಂದು ಹೇಳಲಾಗದ ವಾಸನೆ. ಬೇರೆಯವರಾಗಿದ್ದರೆ ಗುಳಿಗೆ ಕೆಟ್ಟಿರಬಹುದೆಂದು ಅಂಗಡಿಗೆ ಹಿಂತಿರುಗುತ್ತಿದ್ದರೇನೋ. ನನಗೆ ಆ ಅನುಮಾನ ಬರಲಿಲ್ಲ. ಮೆಟ್‌ಫಾರ್ಮಿನ್ ಎಂಬ ಆ ಗುಳಿಗೆಯ ವಾಸನೆಯನ್ನು ನಾನು ಹದಿನಾಲ್ಕು ವರ್ಷಗಳಿಂದಲೇ ಬಲ್ಲೆ. ಅದನ್ನು ನನ್ನ ಮೂಗಿನ ಹತ್ತಿರ ಹಿಡಿದವಳು ನಮ್ಮ ಪಕ್ಕದ ಮನೆಯ ದೊಡ್ಡವ್ವ.

"ಒಣಮೀನದ ವಾಸನಿ ಅದ ನೋಡು," ಎಂದಿದ್ದಳು. "ಮೀನ ಮಾತ್ರ ಇಲ್ಲ."

ದೊಡ್ಡವ್ವ ಎಂದು ಕರೆಯುತ್ತಿದ್ದೆವೇ ಹೊರತು ಆಕೆ ನಮಗೆ ರಕ್ತಸಂಬಂಧಿಯಲ್ಲ. ದೇವದುರ್ಗ ತಾಲ್ಲೂಕಿನಲ್ಲಿ, ಮಸರಕಲ್ ಕಡೆಗೆ ಇರುವ ನಮ್ಮೂರಿನ ಕಡೆಯ ಓಣಿಯಲ್ಲಿ, ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆಕೆ ಹನ್ನೆರಡು ಹೆಣ್ಣುಮಕ್ಕಳ ನಾಟಿ ಗುಂಪಿಗೆ ಮುಂದಾಳು. ಕಾಲುವೆಗೆ ನೀರು ಬಿಟ್ಟ ಮೇಲೆ ಯಾರ ಹೊಲದಲ್ಲಿ ಯಾವ ದಿನ ಭತ್ತದ ಸಸಿ ನೆಡಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದೆಲ್ಲ ಆಕೆಯ ಮಾತಿನಂತೆ ನಡೆಯುತ್ತಿತ್ತು. ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ಸೂರ್ಯ ಮೂಡುವ ಹೊತ್ತಿಗೆ ಬರಿಯ ಚಹಾ ಕುಡಿದು ಹೊರಡುವುದು. ಹಿಡಿದ ಮಡಿ, ಅಂದರೆ ಬದುಗಳ ನಡುವಿನ ಗದ್ದೆಯ ತುಂಡು, ಮುಗಿಯುವವರೆಗೆ ಯಾರೂ ಬುತ್ತಿ ಬಿಚ್ಚದಿರುವುದು. ಮುಗಿದ ಮೇಲೆ ಎಲ್ಲರೂ ಬದುವಿನ ಮೇಲೆ ಕುಳಿತರೂ ಮುಂದಾಳು ಕಡೆಗೆ ಉಣ್ಣುವುದು. ಅದು ಆಕೆಯ ಗೌರವ. ದೊಡ್ಡವ್ವನ ಮೊದಲ ತುತ್ತು ಹನ್ನೊಂದಕ್ಕೆ ಮೊದಲು ಬಾಯಿಗೆ ಹೋದದ್ದನ್ನು ನಾನು ಕಂಡಿರಲಿಲ್ಲ.

ಆಕೆಗೆ ಸಕ್ಕರೆ ಕಾಯಿಲೆ ಇರುವುದು ತಿಳಿದದ್ದು ಕಾಲಿನ ಗಾಯದಿಂದ. ಹೆಬ್ಬೆರಳ ಬಳಿ ಚುಚ್ಚಿದ ಮುಳ್ಳಿನ ಗಾಯ ತಿಂಗಳಾದರೂ ಮಾಯಲಿಲ್ಲ. ಊರಿಗೆ ಬಂದ ನರ್ಸ್ ಬೆರಳು ಚುಚ್ಚಿ ನೋಡಿ ದೇವದುರ್ಗದ ದವಾಖಾನೆಗೆ ಕಳುಹಿಸಿದರು. ಸುದ್ದಿ ಹೊಲದ ಸಾವ್ಕಾರರ ಮನೆಗೂ ಮುಟ್ಟಿತು. ಅವರ ಹೆಂಡತಿ ಬೆರಗಾಗಿ, "ನಿಮ್ಮಂಥವರಿಗೆ ಹೆಂಗ ಬಂತಬೇ ಇದು? ಕುಂತು ತಿನ್ನೋರ ಬ್ಯಾನಿ ಇದು," ಎಂದರಂತೆ. ದೊಡ್ಡವ್ವ ತಲೆಯ ಮೇಲಿನ ಸಸಿಯ ಹೊರೆಯನ್ನು ಇಳಿಸದೆಯೇ ಉತ್ತರ ಕೊಟ್ಟಿದ್ದಳು. "ಯಾಕ್ರಿ ಸಾವ್ಕಾರ್ತಿ, ಬ್ಯಾನಿನೂ ನಿಮ್ಮ ಓಣಿಯಾಗ ಇರಬೇಕೇನು?"

ಆದರೆ ಆಕೆಯ ಒಳಗೆ ಹೆದರಿಕೆ ಇರಲಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಇದೇ ಕಾಯಿಲೆಯಿಂದ ಕಲ್ಲೂರಿನಲ್ಲಿದ್ದ ಆಕೆಯ ಅಣ್ಣನ ಕಾಲನ್ನು ಮೊಣಕಾಲಿನವರೆಗೆ ತೆಗೆದಿದ್ದರು. ದವಾಖಾನೆಯಿಂದ ಬಂದ ಸಂಜೆ ಆಕೆ ಹೊಸ್ತಿಲಲ್ಲಿ ಕುಳಿತು ತನ್ನ ಎರಡೂ ಪಾದಗಳನ್ನು ಬಹಳ ಹೊತ್ತು ನೋಡುತ್ತಿದ್ದಳು... ಆಮೇಲೆ ನನ್ನನ್ನು ಕರೆದು ಗುಳಿಗೆಗಳನ್ನು ನನ್ನ ಮಡಿಲಿಗೆ ಸುರಿದಳು.

ಆಗ ನಾನು ಬಿ.ಎ. ಮುಗಿಸಿ ಬಿ.ಎಡ್. ಪ್ರವೇಶದ ಪಟ್ಟಿಗಾಗಿ ಕಾಯುತ್ತಿದ್ದೆ. ಓಣಿಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಪತ್ರ ಓದುವುದು, ಅರ್ಜಿ ತುಂಬುವುದು, ಔಷಧಿಯ ಚೀಟಿ ಬಿಡಿಸಿ ಹೇಳುವುದು ಎಲ್ಲವೂ ನನ್ನ ಪಾಲಿನ ಕೆಲಸ. ಗೊತ್ತಿಲ್ಲವೆಂದು ಹೇಳುವ ಧೈರ್ಯ ನನಗಿರಲಿಲ್ಲ. ಗೊತ್ತಿಲ್ಲವೆಂದರೆ ಓದಿಸಿದ್ದೇ ದಂಡವೆಂದು ಯಾರಾದರೂ ಅಂದಾರೆಂಬ ಭಯವಿತ್ತು.

ಮೊದಲ ಗುಳಿಗೆ ಆಕೆಯನ್ನು ಬಹಳ ಕಾಡಿತು. ದಿನಕ್ಕೆ ಎರಡು ಬಾರಿ, ಊಟದ ನಂತರ ಎಂದು ಬರೆದಿದ್ದನ್ನು ಆಕೆ ಬೆಳಗಿನ ಚಹಾದ ಜೊತೆಗೆ ನುಂಗಿಬಿಡುತ್ತಿದ್ದಳು. ಹೊಟ್ಟೆ ಕೆಟ್ಟಿತು. ಕಣ್ಣಿಗೆ ಕಾಣುವಷ್ಟು ದೂರ ನೀರು ನಿಂತ ಭತ್ತದ ಹೊಲದಲ್ಲಿ ಹೆಣ್ಣುಮಗಳೊಬ್ಬಳು ಮತ್ತೆ ಮತ್ತೆ ಮರೆ ಹುಡುಕುವುದು ಎಂಥ ಕಷ್ಟವೆಂದು ಬರೆದು ತಿಳಿಸಬೇಕಾಗಿಲ್ಲ. ಎರಡನೆಯ ವಾರಕ್ಕೆ ಗುಳಿಗೆ ಬಿಟ್ಟಳು. ನಾನು ಆಕೆಯನ್ನು ಮತ್ತೆ ದೇವದುರ್ಗಕ್ಕೆ ಕರೆದೊಯ್ದೆ. ವೈದ್ಯೆ ಗುಳಿಗೆಯನ್ನು ಒಂದಕ್ಕೆ ಇಳಿಸಿ, ರಾತ್ರಿ ಹೊಟ್ಟೆ ತುಂಬ ಉಂಡ ಮೇಲೆ ತೆಗೆದುಕೊಳ್ಳಲು ಹೇಳಿದರು. ಹೊಟ್ಟೆ ಒಗ್ಗಿಕೊಂಡ ಮೇಲೆ ನಿಧಾನವಾಗಿ ಹೆಚ್ಚಿಸೋಣ ಎಂದರು. ಅಕ್ಷರ ಬಾರದ ದೊಡ್ಡವ್ವನಿಗಾಗಿ ನಾನು ಎಲೆಯಡಿಕೆಯ ಹಳೆಯ ತಗಡಿನ ಡಬ್ಬಿಯೊಂದರಲ್ಲಿ ಗುಳಿಗೆ ಹಾಕಿ, ಮುಚ್ಚಳದ ಮೇಲೆ ಕಪ್ಪು ಶಾಯಿಯಲ್ಲಿ ಚಂದ್ರನನ್ನು ಬರೆದೆ. ಚಂದ್ರ ಚೆನ್ನಾಗಿ ಕೆಲಸ ಮಾಡಿದ. ಹೊಟ್ಟೆ ಸರಿಹೋಯಿತು, ಗಾಯವೂ ಮಾಯುತ್ತ ಬಂತು. ಓಣಿಯವರು ನನ್ನನ್ನು ಹೊಗಳಿದರು. ನಾನು ಒಳಗೊಳಗೇ ಬೀಗಿದೆ.

ಮೂರು ತಿಂಗಳ ನಂತರ ರಕ್ತ ಪರೀಕ್ಷಿಸಿದಾಗ ಸಕ್ಕರೆ ಇನ್ನೂ ಹೆಚ್ಚೇ ಇತ್ತು. ಎರಡನೆಯ ಗುಳಿಗೆಯೊಂದು ಸೇರಿತು. ಚೀಟಿಯಲ್ಲಿ ಬೆಳಗಿನ ಉಪಾಹಾರಕ್ಕೆ ಮುನ್ನ ಎಂದಿತ್ತು. ನಾನು ಇನ್ನೊಂದು ಡಬ್ಬಿ ತೆಗೆದುಕೊಂಡು, ಮುಚ್ಚಳದ ಮೇಲೆ ದುಂಡಗೆ ಒಂದು ಸೂರ್ಯನನ್ನು ಬರೆದು, ಸುತ್ತಲೂ ಕಿರಣಗಳನ್ನು ಎಳೆದೆ. ಉಪಾಹಾರ ಎಂಬ ಪದವನ್ನು ನಾನು ಓದಿದ್ದೆ. ಪಕ್ಕದ ಮನೆಯವಳ ಉಪಾಹಾರ ಎಷ್ಟು ಗಂಟೆಗೆ ಎಂದು ಯೋಚಿಸಲಿಲ್ಲ.

ಆರನೆಯ ದಿನವೋ ಏಳನೆಯ ದಿನವೋ... ಆ ವಾರ ನಾನೂ ಗುಂಪಿನ ಜೊತೆ ಎರಡನೆಯ ಬೆಳೆಯ ನಾಟಿಗೆ ಹೋಗುತ್ತಿದ್ದೆ. ಹತ್ತು ಗಂಟೆಯ ಸುಮಾರಿಗೆ, ಸಾಲಿನಲ್ಲಿ ಬಗ್ಗಿ ಹಿಂದಕ್ಕೆ ಸರಿಯುತ್ತಿದ್ದ ದೊಡ್ಡವ್ವ ಸಸಿಯ ಕಟ್ಟನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟಳು. ಮುಖದ ಮೇಲೆ ಬೆವರು ಹರಿಯುತ್ತಿತ್ತು, ಕೈ ನಡುಗುತ್ತಿತ್ತು. ನನ್ನನ್ನು ನೋಡಿ, ಎಂದೋ ತೀರಿಹೋದ ತನ್ನ ತಂಗಿಯ ಹೆಸರು ಹಿಡಿದು ಕರೆದಳು. ಬಿಸಿಲು ಬಡಿಯಿತೆಂದು ಎಲ್ಲರೂ ಸೇರಿ ಬದುವಿಗೆ ತಂದು ಕೂರಿಸಿದರು. ಅಷ್ಟರಲ್ಲಿ ಸಾವ್ಕಾರರ ಮನೆಯಿಂದ ಚಹಾ ಬಂದಿತ್ತು. ಯಾರೋ ಲೋಟ ಮುಂದೆ ಹಿಡಿದಾಗ, ತಡೆದವಳು ನಾನೇ.

"ಸಕ್ರಿ ಬ್ಯಾನಿ ಅದ ಆಕಿಗೆ, ಸಕ್ರಿ ಹಾಕಿದ ಚಾ ಕೊಡಬ್ಯಾಡ್ರಿ," ಎಂದೆ.

ಅದೇ ಗುಂಪಿನಲ್ಲಿದ್ದ ನನ್ನ ಅವ್ವ ದೊಡ್ಡವ್ವನ ಕುತ್ತಿಗೆ ಮುಟ್ಟಿ ನೋಡಿದಳು. "ಬಿಸಿಲಿನ ಬೆವರಲ್ಲಬೇ ಇದು, ತಣ್ಣಗ ಅದ. ಹಸಿವಿನ ಬೆವರು. ನೀ ಓದಿದಾಕಿ, ಒಂದೀಟು ಸುಮ್ನಿರು," ಎಂದು ನನ್ನ ಕೈ ಸರಿಸಿ, ಲೋಟವನ್ನು ಆಕೆಯ ತುಟಿಗೆ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಹಿಂದೆಯೇ ಒಂದು ಚೂರು ಬೆಲ್ಲ. ಕಾಲು ಗಂಟೆಯಲ್ಲಿ ದೊಡ್ಡವ್ವನ ಕಣ್ಣುಗಳು ತಿಳಿಯಾದವು. ಸುತ್ತ ನೋಡಿ, "ಯಾಕ ಎಲ್ಲಾರೂ ನಿಂತೀರಿ? ಸಸಿ ಏನು ತಾವ ನಡಕೊಂತ ಹೋಗಿ ನೆಟ್ಕೊಂತಾವ?" ಎಂದಳು. ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ.

ಅಂದು ಸಂಜೆ ಆಕೆಯ ಹೊಸ್ತಿಲ ಮುಂದೆ ಎರಡು ತೀರ್ಪುಗಳು ಬಂದವು. ನಾಳೆಯಿಂದ ಈಕೆಯನ್ನು ಕರೆತರಬೇಡಿರೆಂದು ಸಾವ್ಕಾರರು ಹೇಳಿ ಕಳುಹಿಸಿದ್ದರು. ಏನಾದರೂ ಆದರೆ ತಮ್ಮ ತಲೆಯ ಮೇಲೆ ಬರುತ್ತದೆಂಬುದು ಅವರ ಮಾತು. ಆಕೆಯ ಮಗ ಗುಳಿಗೆಯ ಡಬ್ಬಿಗಳನ್ನು ತಿಪ್ಪೆಗೆ ಎಸೆಯಲು ಎದ್ದಿದ್ದ. ದೊಡ್ಡವ್ವ ಡಬ್ಬಿಗಳನ್ನು ಅವನ ಕೈಯಿಂದ ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡಳು.

"ಕೆಲಸ ಬಿಟ್ರ ಹೊಟ್ಟಿ ಹೋಗತದ. ಗುಳಿಗಿ ಬಿಟ್ರ ಕಾಲು ಹೋಗತದ. ನಾ ಎರಡೂ ಬಿಡಾಕಿ ಅಲ್ಲ."

ಮರುದಿನ ದೇವದುರ್ಗದ ದವಾಖಾನೆಯಲ್ಲಿ ನಾನು ಆಕೆಯ ಹಿಂದೆ, ಗೋಡೆಗೆ ಒರಗಿ ನಿಂತಿದ್ದೆ. ವೈದ್ಯೆ ಬೇರೆ ಜಿಲ್ಲೆಯವರು, ಚಿಕ್ಕ ವಯಸ್ಸಿನವರು.

"ಬೆಳಿಗ್ಗೆ ತಿಂಡಿ ಎಷ್ಟು ಗಂಟೆಗೆ ಅಮ್ಮ?"

"ತಿಂಡಿ ಅಂದ್ರ?"

"ಮೊದಲ ತುತ್ತು."

"ಹನ್ನೊಂದು. ಮಡಿ ದೊಡ್ಡದಿದ್ರ ಹನ್ನೆರಡು."

"ಗುಳಿಗೆ ಎಷ್ಟಕ್ಕೆ?"

ದೊಡ್ಡವ್ವ ಸೂರ್ಯನ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ಇಂವ ಮೂಡಿದಾಗ."

ವೈದ್ಯೆ ಪೆನ್ನು ಕೆಳಗಿಟ್ಟರು. ಈ ಗುಳಿಗೆ ನುಂಗಿ ಐದು ತಾಸು ಉಪವಾಸವಿದ್ದು ಮೈಮುರಿದು ದುಡಿದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ, ಜೀವವೇ ಹೋಗಬಹುದಿತ್ತು ಎಂದು ವಿವರಿಸಿ, ಡಬ್ಬಿಯನ್ನು ತಿರುಗಿಸಿ ನೋಡಿ ಕೇಳಿದರು. "ಇದನ್ನು ಬರೆದವರು ಯಾರು?"

ನಾನು ಎಂದು ಒಂದೇ ಶಬ್ದ ಹೇಳಬೇಕಾಗಿತ್ತು...

"ಯಾರರ ಬರದಿರಲಿ, ನುಂಗಿದಾಕಿ ನಾ," ಎಂದಳು ದೊಡ್ಡವ್ವ, ನನ್ನ ಕಡೆ ತಿರುಗಿಯೂ ನೋಡದೆ. "ಯಾವಾಗ ಉಣ್ತೀ ಅಂತ ನೀವು ಕೇಳಲಿಲ್ಲ, ನಾ ಹೇಳಲಿಲ್ಲ."

ವೈದ್ಯೆ ಹೊಲದ ಕೆಲಸ ಬಿಡಲಾಗುವುದೇ ಎಂದು ಕೇಳಿದರು. ಅದಕ್ಕೆ ಆಕೆ ಕೊಟ್ಟ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ. "ನನ್ನ ಕೆಲಸಕ್ಕ ಗುಳಿಗಿ ಹೊಂದಸ್ರಿ ಡಾಕ್ಟರಮ್ಮಾ. ಗುಳಿಗಿ ಸಲುವಾಗಿ ನನ್ನ ಕಡೀಬ್ಯಾಡ್ರಿ."

ವೈದ್ಯೆ ನಕ್ಕರು, ಆದರೆ ಅದು ತಾತ್ಸಾರದ ನಗೆಯಾಗಿರಲಿಲ್ಲ. ಎರಡನೆಯ ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು. ರೊಟ್ಟಿ ಕೈಗೆ ಬಂದಾಗಲೇ ನುಂಗಬೇಕು, ರೊಟ್ಟಿ ಇಲ್ಲದ ದಿನ ಆ ಗುಳಿಗೆಯೂ ಇಲ್ಲ. ಬೆವರು, ನಡುಕ ಬಂದರೆ ತಡಮಾಡದೆ ಬೆಲ್ಲ. ಎರಡು ವಾರಕ್ಕೆ ಮತ್ತೆ ಪರೀಕ್ಷೆ. ಉಣ್ಣುವ ಹೊತ್ತನ್ನು ಬೆಳಗಿಗೇ ತರಲಾದರೆ ಇನ್ನೂ ಒಳ್ಳೆಯದು ಎಂದೂ ಸೇರಿಸಿದರು.

ದೊಡ್ಡವ್ವ ಆ ಕಡೆಯ ಮಾತನ್ನು ಹಿಡಿದುಕೊಂಡಳು. ಮರುದಿನ, ತನ್ನನ್ನು ಬೇಡವೆಂದವರ ಹೊಲಕ್ಕೇ ಗುಂಪನ್ನು ಕರೆದುಕೊಂಡು ಹೋದಳು. ಸಾವ್ಕಾರರು ಬದುವಿನ ಮೇಲೆ ನಿಂತಿದ್ದರು. ಆಕೆ ಅವರ ಎದುರಿಗೇ ಕುಳಿತು, ಕೆಸರಿಗೆ ಕಾಲಿಡುವ ಮೊದಲೇ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಅದರ ಪಕ್ಕದಲ್ಲಿ ಅರ್ಧ ಗುಳಿಗೆ. ಹನ್ನೊಂದು ಜನ ನಿಂತೇ ಇದ್ದರು. ಮುಂದಾಳು ಎಲ್ಲರಿಗಿಂತ ಮೊದಲು ಉಣ್ಣುವುದನ್ನು ಯಾರೂ ಕಂಡಿರಲಿಲ್ಲ.

"ನನ್ನ ಮಾರಿ ಏನು ನೋಡಾಕತ್ತೀರಿ? ನೀವೂ ಬಿಚ್ಚರಿ."

"ಬಂದ ಕೂಡ್ಲೇ ಊಟಕ್ಕ ಕುಂತ್ರ ನಾಟಿ ಯಾವಾಗ ಆಗಬೇಕು?" ಎಂದರು ಸಾವ್ಕಾರರು. "ನಿನಗ ಬರಬ್ಯಾಡ ಅಂದಿದ್ದೆ ನಾ."

"ನಾ ಬ್ಯಾಡಾದ್ರ ಇವರೂ ಬರಂಗಿಲ್ರಿ. ಉಂಡ ಕೈ ಜೋರು ಇರತದ. ಹೊತ್ತು ಮುಣುಗೂದರಾಗ ಈ ಮಡಿ ಮುಗೀದಿದ್ರ ಆಗ ಕೇಳ್ರಿ ಸಾವ್ಕಾರ್ರ. ಇನ್ನಮ್ಯಾಲ ನಾವು ಉಂಡೇ ಕೆಸರಿಗಿಳಿಯೋರು."

ನನ್ನ ಅವ್ವ ಮೊದಲು ಕುಳಿತಳು. ನಂತರ ಉಳಿದವರು. ಸಸಿಗಳು ಒಣಗುತ್ತಿದ್ದವು, ನೀರಿನ ಪಾಳಿ ಮುಗಿಯುವುದರಲ್ಲಿತ್ತು. ಸಾವ್ಕಾರರು ಬೇರೆ ಗುಂಪನ್ನು ಎಲ್ಲಿಂದ ತಂದಾರು? ಸೂರ್ಯ ಮುಳುಗಲು ಒಂದು ತಾಸು ಇರುವಾಗಲೇ ಆ ಮಡಿ ಮುಗಿಯಿತು. ಅಂದಿನಿಂದ ನಮ್ಮೂರ ಗುಂಪು ಉಂಡೇ ನಾಟಿಗೆ ಇಳಿಯಿತು.

ಅಂದು ಮನೆಗೆ ಬಂದ ಮೇಲೆ ದೊಡ್ಡವ್ವ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕುಡುಗೋಲಿನ ತುದಿಯಿಂದ ಸೂರ್ಯನ ಕಿರಣಗಳನ್ನು ಒಂದೊಂದಾಗಿ ಕೆರೆದು ತೆಗೆದಳು. ಬರಿಯ ದುಂಡು ಉಳಿಯಿತು. ನನ್ನ ಮುಂದೆ ಹಿಡಿದು, "ಈಗ ಸರಿ ಆತು ನೋಡು. ರೊಟ್ಟಿ," ಎಂದಳು. ಬೈಯಲಿಲ್ಲ. ನಾನು ಕ್ಷಮೆಯನ್ನೂ ಕೇಳಲಿಲ್ಲ. ಆಮೇಲೆ ಕೇಳೋಣವೆಂದುಕೊಂಡೆ... ಬಿ.ಎಡ್., ನಂತರ ನೌಕರಿ, ನಂತರ ಮದುವೆ. ಊರಿಗೆ ಹೋದಾಗಲೆಲ್ಲ ಆಕೆ ಕಾಲು ಚಾಚಿ ತೋರಿಸುತ್ತಿದ್ದಳು. "ಎಣಸು, ಹತ್ತೂ ಬೆರಳು ಅದಾವ."

ಮೂರು ವರ್ಷಗಳ ಹಿಂದೆ, ನಾಲ್ಕು ದಿನದ ಜ್ವರದಲ್ಲಿ ದೊಡ್ಡವ್ವ ಹೋದಳು. ನಾನು ಪರೀಕ್ಷೆಯ ಕರ್ತವ್ಯದಲ್ಲಿದ್ದೆ. ತಲುಪುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಎರಡೂ ಕಾಲುಗಳೊಂದಿಗೆ ಹೋದಳು ಎಂದು ಅವ್ವ ಹೇಳಿದಳು. ಡಬ್ಬಿಗಾಗಿ ಕೇಳಿದೆ. ಅದು ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ.

ಈಗ ಆ ಕಾಯಿಲೆ ನನ್ನದು. ರಾಯಚೂರಿನಿಂದ ಬೆಳಿಗ್ಗೆ ಬಸ್ಸು ಹಿಡಿದು ಮಾನ್ವಿಯ ಶಾಲೆಗೆ ಹೋಗುವ ನಾನು ಮೂರು ವಾರ ಯಾರಿಗೂ ತಿಳಿಯದಂತೆ ಗುಳಿಗೆಯನ್ನು ಪರ್ಸಿನ ಒಳಚೀಲದಲ್ಲಿ ಬಚ್ಚಿಟ್ಟಿದ್ದೆ. ಕಳೆದ ವಾರ ವೈದ್ಯರು ಎರಡನೆಯ ಗುಳಿಗೆ ಬರೆದರು. ಚೀಟಿಯಲ್ಲಿ ಅದೇ ಮಾತು, ಬೆಳಗಿನ ಉಪಾಹಾರಕ್ಕೆ ಮುನ್ನ. ಅವರು ಮುಂದಿನವರನ್ನು ಕರೆಯುವಷ್ಟರಲ್ಲಿ ನಾನು ಕುರ್ಚಿಯನ್ನು ಬಿಡದೆ ಹೇಳಿದೆ. "ಸರ್, ನನ್ನ ಮೊದಲ ತುತ್ತು ಮಧ್ಯಾಹ್ನ ಒಂದೂವರೆಗೆ. ನೀವು ಕೇಳಲಿಲ್ಲ. ಆದ್ದರಿಂದ ನಾನೇ ಹೇಳುತ್ತಿದ್ದೇನೆ." ಅವರು ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡರು. ಒಂದೋ ಬೆಳಿಗ್ಗೆ ಉಣ್ಣಿರಿ, ಇಲ್ಲವೇ ಗುಳಿಗೆ ಬದಲಿಸೋಣ ಎಂದರು. ಉಣ್ಣುತ್ತೇನೆ ಎಂದೆ.

ಇಂದು ಶಿಕ್ಷಕರ ಕೊಠಡಿಯಲ್ಲಿ, ಪ್ರಾರ್ಥನೆಗೆ ಮೊದಲು, ಎಲ್ಲರೂ ನೋಡುತ್ತಿರುವಂತೆಯೇ ಬುತ್ತಿ ಬಿಚ್ಚಿದೆ. ಗುಳಿಗೆಯ ಡಬ್ಬಿಯನ್ನು ಪಕ್ಕದಲ್ಲಿಟ್ಟೆ. ಅದರ ಮುಚ್ಚಳದ ಮೇಲೆ ನಿನ್ನೆ ಬರೆದ ದುಂಡು, ಕಿರಣಗಳಿಲ್ಲದ್ದು.

"ಏನ್ರಿ ಟೀಚರ್, ಇಷ್ಟು ಜಲ್ದಿ ಊಟ? ಶುಗರ್ ಗಿಗರ್ ಏನು?" ಎಂದು ಸಹೋದ್ಯೋಗಿಯೊಬ್ಬರು ನಗುತ್ತ ಕೇಳಿದರು.

"ಹೌದ್ರಿ ಸರ್, ಶುಗರ್. ಉಂಡೇ ಕ್ಲಾಸಿಗೆ ಹೋಗಾಕಿ."

ಆ ಸೂರ್ಯನನ್ನು ಬರೆದವಳು ನಾನು ಎಂಬ ಮಾತನ್ನು ದೇವದುರ್ಗದ ಆ ಕೋಣೆಯಲ್ಲಿ ಹೇಳದೆ ಉಳಿಸಿಕೊಂಡೆ. ಈಗ ಕೇಳಿಸಿಕೊಳ್ಳಬೇಕಾದವಳು ಇಲ್ಲ...

ಪ್ರಾರ್ಥನೆಯ ಗಂಟೆ ಹೊಡೆಯಿತು. ಎಲ್ಲರೂ ಎದ್ದರು. ನನ್ನ ಬುತ್ತಿಯಲ್ಲಿ ಇನ್ನೂ ಅರ್ಧ ರೊಟ್ಟಿ ಉಳಿದಿತ್ತು. ನಾನು ಏಳಲಿಲ್ಲ.