ಬರಿ ಹಣೆಯಲ್ಲಿ ಎರಡು ಗಂಟೆ

ನನ್ನ ಸೋದರಮಾವ ಹುಟ್ಟಿನಿಂದಲೇ ಬಿಳಿ. ಕೂದಲು, ಹುಬ್ಬು, ರೆಪ್ಪೆ ಎಲ್ಲವೂ. ನನಗಿಂತ ಸ್ವಲ್ಪವೇ ದೊಡ್ಡವನಾದ್ದರಿಂದ ನಮ್ಮಿಬ್ಬರದು ಏಕವಚನದ ಸಲುಗೆ. ಬಂಡೂರಿನ ಪಕ್ಕದ ಹಳ್ಳಿಯಲ್ಲಿ ಕುರಿ ಕಾಯುತ್ತ ಬದುಕಿದವನು. ತಲೆಗೆ ಟವೆಲ್ಲು ಸುತ್ತಿಕೊಂಡರೂ ಹಣೆ, ಮೂಗು, ಕೆನ್ನೆ ಬಿಸಿಲಿಗೆ ಸುಟ್ಟು ಸುಟ್ಟು, ಕಳೆದ ವರ್ಷ ಅಲ್ಲೆಲ್ಲ ಒರಟು ಹಕ್ಕಳೆ ಎದ್ದವು. ಮಂಡ್ಯದ ಚರ್ಮದ ಡಾಕ್ಟರು ನೋಡಿ, "ಇನ್ನೂ ಕ್ಯಾನ್ಸರ್ ಅಲ್ಲ. ಬಿಟ್ಟರೆ ಆಗಬಹುದು," ಎಂದರು.

ಚಿಕಿತ್ಸೆ ಕೇಳಿ ಮಾವ ಎದ್ದೇ ನಿಂತ. ಮುಲಾಮು ಹಚ್ಚಿಕೊಂಡು ಎರಡು ಗಂಟೆ ಬಯಲಿನಲ್ಲಿ ಕೂರಬೇಕು. ಹಗಲಿನ ಬೆಳಕು ಬಿದ್ದರೆ ಮುಲಾಮು ಕೆಲಸ ಶುರುಮಾಡಿ ಕೆಟ್ಟ ಚರ್ಮವನ್ನು ಸಾಯಿಸುತ್ತದೆ. ಬೆಳಕು ತಡೆಯುವಂಥದ್ದೇನೂ ಅದರ ಮೇಲಿರಬಾರದು.

"ಉಟ್ಟಿದಾಗಿಂದ ಬಿಸ್ಲಿಗೋಗ್ಬ್ಯಾಡ ಅಂದ್ರಿ. ಈಗ ಅದೇ ಅವುಸ್ತಿ ಅಂತೀರಾ?"

ನನಗೂ ನಂಬಿಕೆ ಇರಲಿಲ್ಲ. ರಸಾಯನಶಾಸ್ತ್ರ ಓದಿದವನು ನಾನು. ವಾಪಸ್ ಬರುವಾಗ ಬಸ್ಸು ಮದ್ದೂರು ದಾಟುವವರೆಗೂ ಮೊಬೈಲಿನಲ್ಲಿ ಹುಡುಕುತ್ತಲೇ ಇದ್ದೆ. ಡಾಕ್ಟರು ಹೇಳಿದ್ದು ನಿಜವೇ ಆಗಿತ್ತು. ಮಾವ ಕಿಟಕಿ ಕಡೆ ಮುಖ ಮಾಡಿಕೊಂಡು ಹೇಳಿದ: "ಒಂದೇ ಸಲ ಕಣಳಿಯ. ಇನ್ನೊಂದು ಸಲ ಅಂದ್ರೆ ನಾ ಬರಾಕಿಲ್ಲ."

ಚಿಕಿತ್ಸೆಯ ದಿನ ಬೆಳಿಗ್ಗೆ, ಆಸ್ಪತ್ರೆಯ ನರ್ಸು ಕಲಿಸಿದಂತೆ ನಾನೇ ಮುಲಾಮು ಹಚ್ಚಿ, ಮನೆ ಮುಂದೆ ಕುರ್ಚಿ ಹಾಕಿ ಕೂರಿಸಿದೆ. ಮೋಡ ಕವಿಯಿತು. ಈ ಬೆಳಕು ಸಾಕೇ? ನನಗೆ ಕೂತಲ್ಲಿ ಕೂರಲಾಗದು. ಒಳಗೂ ಹೊರಗೂ ಓಡಾಡಿದೆ, ಒಳಗೆ ಕೂತು ಫೋನಿನಲ್ಲಿ ಹುಡುಕಿದೆ. ಕೊನೆಗೊಮ್ಮೆ ಹೊರಗೆ ಬಂದಾಗ ಮಾವನ ಹಣೆಯ ಮೇಲೆ ದಪ್ಪಗೆ ಮೂರು ಗೆರೆ ವಿಭೂತಿ.

"ಮಾವ, ಏನಿದು!"

"ಮೂಲೆ ಮನೆಯೋನು ಓಯ್ತಾ ಓಯ್ತಾ, ಏನ್ಲಾ, ಬರಿ ಅಣೇಲಿ ಕುಂತಿದ್ದೀಯ, ಯಾರ್ಲಾ ಸತ್ತೋರು ಅಂದ. ಸೂತಕದೋನಂಗೆ ಬೀದೀಲಿ ಕೂರಾಕಾಯ್ತದಾ? ಈಬೂತಿ ಇಟ್ಕಂಡೆ."

"ಯಾವಾಗ?"

"ಈಗ್ಲೇಯ."

"ಈಗೆಲ್ಲಿ?" ಅತ್ತೆ ಬಾಗಿಲಿಗೆ ಬಂದರು. "ನಾನು ಈಬೂತಿ ತಂದ್ಕೊಟ್ಟಾಗ ಒಲೆ ಮ್ಯಾಲೆ ಎಸರಿಟ್ಟಿದ್ದೆ. ಈಗ ಮುದ್ದೆ ಕಟ್ಟಾಯ್ತು."

ನಡುವೆ ಒಮ್ಮೆ ನಾನು ನೀರು ತಂದುಕೊಟ್ಟಿದ್ದೆ. ಆಗ ಹಣೆ ಬರಿದಾಗಿತ್ತು, ಮುಲಾಮು ಹೊಳೆಯುತ್ತಿತ್ತು. ಅಥವಾ ಅದು ಕೂರಿಸಿದ ಹೊತ್ತಿನ ನೋಟವೋ? ನೋಡಿದ್ದೆ ಎಂದುಕೊಂಡಷ್ಟೂ ಆ ಚಿತ್ರ ಸ್ಪಷ್ಟವಾಗುತ್ತಿತ್ತು. ನನಗೆ ಅನುಮಾನ ಬಂದದ್ದೇ ಅದಕ್ಕೆ.

ಡಾಕ್ಟರಿಗೆ ಫೋನು ಮಾಡಿದೆ. "ವಿಭೂತಿ ಎಷ್ಟು ಹೊತ್ತಿತ್ತು?" ಎಂದು ಕೇಳಿದರು. ಮಾವ ಐದು ಬೆರಳು ತೋರಿಸಿ ಕಣ್ಣು ಕೆಕ್ಕರಿಸಿದ. ಐದು ನಿಮಿಷ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಣೆಗೂ ಚಿಕಿತ್ಸೆ ಆಯಿತೆಂದು ಅವರು ಬರೆದುಕೊಳ್ಳುತ್ತಿದ್ದರು.

"ಗೊತ್ತಿಲ್ಲ ಡಾಕ್ಟ್ರೇ. ಪೂರ್ತಿ ಹೊತ್ತೂ ಇದ್ದಿರಬಹುದು."

"ಈಗ ಉಜ್ಜಬೇಡಿ. ಹೊತ್ತು ಮುಗಿಸಿ, ಒಳಗೆ ಕರಕೊಂಡು ಹೋಗಿ ತೊಳೆಸಿ. ಎರಡು ದಿನ ಬಿಸಿಲು ಬೇಡ. ಆಮೇಲೆ ಹಣೆ ತೋರಿಸಿ. ಇನ್ನೊಂದು ಸಲ ಮಾಡಬೇಕಾಗಬಹುದು."

"ಅಯ್ದು ನಿಮಿಸ ಅನ್ನಾಕೆ ಏನ್ಲಾ ರೋಗ ನಿಂಗೆ?" ಎಂದ ಮಾವ ಅಲ್ಲಿಂದ ಮಾತು ಬಿಟ್ಟ. ಕತ್ತಲ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ. ನಾನು ಊರಿಗೆ ಹೋಗದೆ ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡಿಕೊಂಡಿದ್ದೆ.

ಮೂರನೆಯ ದಿನಕ್ಕೆ ಮೂಗು, ಕೆನ್ನೆ ಕೆಂಪಗಾಗಿ ಸಿಪ್ಪೆ ಏಳತೊಡಗಿತು. ಹಣೆಯಲ್ಲಿ ಮಾತ್ರ ಬಿಳಿಯ ಮೂರು ಪಟ್ಟೆ, ನಡುವೆ ಸಣ್ಣ ಕೆಂಪು ಗೆರೆ. ಅತ್ತೆ ಕನ್ನಡಿ ತಂದು ಹಿಡಿದು, "ನೋಡ್ಕಳಿ, ಈಗ್ಲೇ ಇಟ್ಕಂಡಿದ್ದು!" ಎಂದರು. ಮಾವ ನಗಲಿಲ್ಲ. ಕೆನ್ನೆ ಸವರಿಕೊಂಡ. ಆಮೇಲೆ ಹಣೆಯ ಹಕ್ಕಳೆಯ ಮೇಲೆ ಬೆರಳಾಡಿಸಿ, ಬಹಳ ಹೊತ್ತು ಅಲ್ಲೇ ಇಟ್ಟುಕೊಂಡ.

"ಈ ಸಲ ಇತ್ಲಲ್ಲಿ ಕೂರ್ಸು," ಎಂದ. "ಬೀದೀಲಿ ಬ್ಯಾಡ. ನೀನೂ ಪಕ್ಕದಲ್ಲೇ ಕೂರ್ಬೇಕು. ನೀನೆದ್ರೆ ನಾನೂ ಏಳ್ತೀನಿ."

ಆಯಿತೆಂದು ಹಿತ್ತಲಿಗೆ ಹೋಗಿ, ಎರಡು ಕುರ್ಚಿಗೆ ಎಲ್ಲಿ ಬೆಳಕು ಚೆನ್ನಾಗಿದೆ ಎಂದು ನೋಡತೊಡಗಿದೆ.